ಒಂದೂವರೆ ಟನ್ನಿಗೆ ದೃಷ್ಟಿ ತೆಗೆದದ್ದು

ತಾಮ್ರದ ತಂತಿ ಸುತ್ತಿ, ವಾರ್ನಿಶ್ ಬಳಿದು, ಬಿಸಿಗೆ ಇಟ್ಟ ಮೋಟಾರಿನಿಂದ ಬರುವ ವಾಸನೆಯೇ ಸಂಧ್ಯಾರಾಣಿಗೆ ಅಪ್ಪನ ವಾಸನೆ. ನ್ಯಾಮತಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಅವಳಪ್ಪನದೊಂದು ರಿವೈಂಡಿಂಗ್ ಅಂಗಡಿ ಇತ್ತು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳು ಅಲ್ಲಿ ಆಸ್ಪತ್ರೆಯ ರೋಗಿಗಳ ಹಾಗೆ ಸಾಲಾಗಿ ಮಲಗಿರುತ್ತಿದ್ದವು. ಅಪ್ಪನ ಅಂಗಿಗೆ, ತಲೆದಿಂಬಿಗೆ, ಕೊನೆಗೆ ಅವಳ ಪುಸ್ತಕದ ಚೀಲಕ್ಕೂ ಆ ವಾಸನೆ ಅಂಟಿಕೊಂಡಿತ್ತು. ಸ್ವಲ್ಪ ಕರಗಿದ ಬೆಲ್ಲ, ಸ್ವಲ್ಪ ಹೊಸ ಬಣ್ಣ, ಸ್ವಲ್ಪ ಮಳೆ ಬಂದು ನಿಂತ ಮೇಲಿನ ಟಾರು ರಸ್ತೆ. ಶಾಲೆಯಲ್ಲಿ ಪಕ್ಕದ ಹುಡುಗಿ ಮೂಗು ಮುಚ್ಚಿಕೊಂಡಾಗ ಹನುಮಂತಮ್ಮ ಟೀಚರು ಸಂಧ್ಯಾರಾಣಿಯನ್ನು ತಮ್ಮ ಮೇಜಿನ ಹತ್ತಿರ ಕೂರಿಸಿಕೊಂಡು, "ನನಗೆ ಈ ವಾಸನೆ ಬಲು ಇಷ್ಟ" ಎಂದಿದ್ದರು. ಅದು ಸುಳ್ಳೆಂದು ಅವಳಿಗೆ ಆಗಲೇ ಗೊತ್ತಿತ್ತು. ಅದಕ್ಕೇ ಅವರನ್ನು ಮರೆತಿಲ್ಲ.

ಚೆನ್ನಾಗಿ ಬೆಂದ ಮೋಟಾರಿನ ವಾಸನೆ ಬೇರೆ, ಸುಟ್ಟ ಮೋಟಾರಿನ ವಾಸನೆ ಬೇರೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಹೀಗಾಗಿ ಮೂವತ್ನಾಲ್ಕನೇ ವಯಸ್ಸಿನಲ್ಲಿ, ಮೇ ತಿಂಗಳ ಉರಿಬಿಸಿಲಿನ ಒಂದು ಬೆಳಿಗ್ಗೆ, ಜಗಳೂರಿನ ಪರಮೇಶನ ವರ್ಕ್‌ಶಾಪಿನಲ್ಲಿ ಸಂಧ್ಯಾರಾಣಿ ಮೊಣಕಾಲೂರಿ ಕುಳಿತು ಮಷೀನಿನ ಮೋಟಾರಿಗೆ ಮೂಗು ಹಚ್ಚಿದ್ದಳು.

ಪರಮೇಶನ ಅಪ್ಪ ಚಿಕ್ಕಹನುಮಂತಪ್ಪ ಸ್ಟೂಲಿನ ಮೇಲೆ ಕುಳಿತು ಇದನ್ನೇ ನೋಡುತ್ತಿದ್ದರು. "ಏನವ್ವ, ಸಂತೆಯಾಗೆ ಕುರಿ ಮೂಸಿ ನೋಡ್ದಂಗೆ ನೋಡ್ತೀಯಲ್ಲ. ಹಲ್ಲು ಎಣಿಸೋದಿಲ್ವಾ?"

"ಮೋಟಾರು ಸುಟ್ಟಿಲ್ಲ ಅಜ್ಜಾರೆ. ವಾಸನೆ ಚೆನ್ನಾಗೈತೆ."

"ವಾಸನೆ ಚೆನ್ನಾಗೇ ಐತೆ. ನಡಿಗೆ ಚೆನ್ನಾಗಿಲ್ಲ."

ನಡಿಗೆ ಚೆನ್ನಾಗಿರಲಿಲ್ಲ ಎಂಬುದು ನಿಜ. ಅದು ಕಬ್ಬಿಣ, ನೈಲಾನು ಕೊರೆದು ಆಕಾರ ಕೊಡುವ, ಒಂದೂವರೆ ಟನ್ನಿನ ಹಳೆಯ ಮಿಲ್ಲಿಂಗ್ ಮಷೀನು. ಚನ್ನಗಿರಿಯ ಗುರುಬಸವರಾಜರ ವರ್ಕ್‌ಶಾಪಿನಲ್ಲಿ ಇಪ್ಪತ್ತು ವರ್ಷ ದುಡಿದು, ತಲೆ ಕೆಟ್ಟು ಮೂಲೆ ಸೇರಿತ್ತು. ತಲೆ ಎಂದರೆ ಅದರ ಕಂಪ್ಯೂಟರು. ಮೈ ಮಾತ್ರ ಗಟ್ಟಿಯಾಗಿತ್ತು. ಅದನ್ನು ಪರಮೇಶ ಕೊಂಡುಕೊಂಡ. ಸಂಧ್ಯಾರಾಣಿ ಹಳೆಯ ಮೈಗೆ, ಹೇಳಿದಷ್ಟೇ ತಿರುಗುವ ಹೊಸ ಸರ್ವೋ ಮೋಟಾರುಗಳು, ಅವನ್ನು ಓಡಿಸುವ ಹೊಸ ಡ್ರೈವು, ಹೊಸ ಕಂಪ್ಯೂಟರು ಕೂರಿಸಿ ಎಬ್ಬಿಸಿ ನಿಲ್ಲಿಸಿದಳು. ಗುರುಬಸವರಾಜರ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತು, ಹೊರಗೆ ಬಂದು, ಹೊನ್ನಾಳಿಯಲ್ಲಿ ಸ್ವಂತ ಹೆಸರಿನ ಬೋರ್ಡು ಹಾಕಿದ ಮೇಲೆ ಅವಳು ಮಾಡಿದ ಮೊದಲ ಮಷೀನು ಅದು. ಬಿಟ್ಟು ಬರುವಾಗ ಗುರುಬಸವರಾಜರು, "ಬೋರ್ಡು ಬರೆಸೋದು ಸುಲಭ ಕಣಮ್ಮ. ಮೊದಲ್ನೇ ಮಷೀನು ನಿಂತಾಗ ಫೋನ್ ಮಾಡು" ಎಂದಿದ್ದರು. ಏನೇ ಆದರೂ ಆ ಫೋನು ಮಾಡುವುದಿಲ್ಲವೆಂದು ಅವಳು ಅವತ್ತೇ ತೀರ್ಮಾನಿಸಿದ್ದಳು.

ಮಷೀನು ಹನ್ನೆರಡು ದಿನ ಬೆಣ್ಣೆಯ ಹಾಗೆ ನಡೆಯಿತು. ಹದಿಮೂರನೇ ದಿನ ಜರ್ಕ್ ಹೊಡೆಯತೊಡಗಿತು. ಪರಮೇಶ ಅದರಲ್ಲಿ ಮಾಡುತ್ತಿದ್ದುದು ಬಿತ್ತನೆ ಕೂರಿಗೆಯೊಳಗೆ ತಿರುಗುವ ನೈಲಾನ್ ತಟ್ಟೆಗಳನ್ನು. ಅಂಗೈಯಗಲದ ತಟ್ಟೆಯ ಅಂಚಿನಲ್ಲಿ ಇಪ್ಪತ್ನಾಲ್ಕು ತೂತು. ಒಂದೊಂದು ತೂತು ಒಂದೊಂದೇ ಮೆಕ್ಕೆಜೋಳದ ಕಾಳನ್ನು ಎತ್ತಿ ಸಾಲಿಗೆ ಬೀಳಿಸಬೇಕು. ಮಷೀನು ಕುಪ್ಪಳಿಸಿದರೆ ತೂತು ಗುಂಡಗಿರುವುದಿಲ್ಲ. ಒಂದರಲ್ಲಿ ಮೂರು ಕಾಳು ಸಂಸಾರ ಹೂಡುತ್ತವೆ, ಇನ್ನೊಂದರಲ್ಲಿ ಒಂದೂ ನಿಲ್ಲುವುದಿಲ್ಲ. ಸೊಕ್ಕೆ ಊರಿನ ರೈತರು ಎಂಬತ್ತು ತಟ್ಟೆ ಹೇಳಿಟ್ಟು ಹೋಗಿದ್ದರು. ಮೊದಲ ಮಳೆ ಯಾವತ್ತಾದರೂ ಬೀಳಬಹುದಾಗಿತ್ತು.

"ತಪ್ಪು ತಿಳ್ಕಬ್ಯಾಡ್ರಿ ಮೇಡಂ" ಎಂದು ಪರಮೇಶ ಬೆಳಿಗ್ಗೆಯೇ ಟೀ ಕೊಡುತ್ತಾ ಹೇಳಿದ್ದ. "ಸಂಜೆ ತನಕ ನೋಡಣ. ಆಗ್ಲಿಲ್ಲ ಅಂದ್ರೆ ಚನ್ನಗಿರಿ ಸಾಹೇಬ್ರನ್ನೇ ಕರೀಬೇಕಾಗ್ತೈತೆ." ಹೇಳುವಾಗ ಅವನು ಅವಳ ಮುಖ ನೋಡದೆ ಟೀ ಲೋಟವನ್ನೇ ನೋಡುತ್ತಿದ್ದ. ಬಿಸ್ಕತ್ತು ಕೂಡ ಎರಡು ಹೆಚ್ಚಿಗೆ ಇಟ್ಟಿದ್ದ.

ಸಂಧ್ಯಾರಾಣಿ ಮಷೀನಿನ ತಲೆಗೆ ಕತ್ತರಿಸುವ ಹಲ್ಲಿನ ಬದಲು ಒಂದು ಬಾಲ್‌ಪೆನ್ನು ಕಟ್ಟಿದಳು. ಕೆಳಗೆ ರಟ್ಟು ಹಾಸಿ ವೃತ್ತ ಬರೆಯಲು ಹೇಳಿದಳು. ಮಷೀನು ಬರೆದು ತೋರಿಸಿತು.

ಚಿಕ್ಕಹನುಮಂತಪ್ಪ ಕನ್ನಡಕ ಏರಿಸಿ ನೋಡಿದರು. "ಹಾಗಲಕಾಯಿ."

"ಗೇನ್ ಸರಿ ಮಾಡ್ತೀನಿ ಇರ್ರಿ" ಎಂದಳು ಅವಳು, ಲ್ಯಾಪ್‌ಟಾಪು ತೆಗೆಯುತ್ತಾ.

"ಹಂಗಂದ್ರೇನವ್ವ?"

ಸಂಧ್ಯಾರಾಣಿ ಒಂದು ಕ್ಷಣ ಯೋಚಿಸಿದಳು. "ನೀವು ಎತ್ತು ಹೂಡ್ತಿದ್ರಲ್ಲ, ಹಗ್ಗ ಹಿಡಿಯೋದು ಹೆಂಗೆ? ತೀರಾ ಸಡಿಲ ಬಿಟ್ರೆ ಎತ್ತು ಸಾಲು ಬಿಟ್ಟು ಹೋಗುತ್ತೆ. ತೀರಾ ಬಿಗಿ ಹಿಡಿದ್ರೆ ಕತ್ತು ಒದರುತ್ತೆ. ಗೇನ್ ಅಂದ್ರೆ ಆ ಬಿಗಿ. ಕಂಪ್ಯೂಟರು ಇಲ್ಲಿಗೆ ಹೋಗು ಅನ್ನುತ್ತೆ. ಮೋಟಾರು ಎಲ್ಲಿಗೆ ಹೋಗೈತೆ ಅಂತ ಅದರ ಬೆನ್ನಿಗಿರೋ ಎನ್‌ಕೋಡರು ವರದಿ ಕೊಡುತ್ತೆ. ಎರಡಕ್ಕೂ ತಾಳೆ ಆಗೋ ಹಂಗೆ ಹಗ್ಗ ಹಿಡೀಬೇಕು."

ಇದನ್ನು ಹೇಳಬಾರದಿತ್ತು. ಅಲ್ಲಿಂದ ಮುಂದೆ ಚಿಕ್ಕಹನುಮಂತಪ್ಪ ಸ್ಟೂಲನ್ನು ಲ್ಯಾಪ್‌ಟಾಪಿನ ಪಕ್ಕಕ್ಕೇ ಎಳೆದುಕೊಂಡರು.

ಸಡಿಲ ಬಿಟ್ಟಾಗ ಮಷೀನು ಊಟ ಮಾಡಿ ಎದ್ದವರ ಹಾಗೆ ಹೊರಳಿತು. ವೃತ್ತ ಆಲೂಗಡ್ಡೆಯಾಯಿತು. "ಬಿಗಿ ಮಾಡು, ಬಿಗಿ ಮಾಡು" ಎಂದರು ಅಜ್ಜ. ಬಿಗಿ ಮಾಡಿದಾಗ ಅದು ಮೊದಲು ಗುಂಯ್‌ಗುಟ್ಟಿತು, ಆಮೇಲೆ ದೊಡ್ಡದಾಗಿ ಹಾಡತೊಡಗಿತು. ಮೇಜಿನ ಮೇಲಿದ್ದ ಟೀ ಲೋಟ ತಾನಾಗಿ ನಡೆದುಕೊಂಡು ಅಂಚಿಗೆ ಬಂತು. ಪರಮೇಶ ಓಡಿ ಬಂದು ಹಿಡಿದ. ಹೊರಗೆ ಮಲಗಿದ್ದ ನಾಯಿ ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋಯಿತು.

"ಸಡಿಲ ಬಿಡವ್ವ! ಸಡಿಲ ಬಿಡು! ಮೂಗುದಾರ ಕಿತ್ತೋಗ್ತೈತೆ!"

ಹನ್ನೊಂದು ಗಂಟೆಗೆ ಅವಳು ಮೋಟಾರಿಗೂ ಅದು ತಿರುಗಿಸುವ ಸ್ಕ್ರೂವಿಗೂ ನಡುವಿನ ಜೋಡಣೆ ಬಿಚ್ಚಿ ನೋಡಿದಳು, ಗಟ್ಟಿಯಾಗಿತ್ತು. ಎಡಬಲಕ್ಕೆ ಓಡಿಸುವ ಮೋಟಾರಿನ ಕೇಬಲ್ಲನ್ನು ಹಿಂದುಮುಂದಕ್ಕೆ ಓಡಿಸುವುದಕ್ಕೆ ಅದಲುಬದಲು ಮಾಡಿದಳು. ತಪ್ಪು ಒಂದು ಮೋಟಾರಿನದಾಗಿದ್ದರೆ ಕುಪ್ಪಳಿಕೆ ಅದರ ಹಿಂದೆ ಹೋಗಬೇಕಿತ್ತು. ಹೋಗಲಿಲ್ಲ. ಮಷೀನು ಯಾರ ಪಕ್ಷವನ್ನೂ ವಹಿಸದೆ ಎರಡೂ ಕಡೆಗೆ ಸಮನಾಗಿ ಕುಪ್ಪಳಿಸಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು: ಹೇಳಿದ ಜಾಗಕ್ಕೂ ಹೋದ ಜಾಗಕ್ಕೂ ತಾಳೆಯಿಲ್ಲ.

ಹನ್ನೆರಡೂವರೆಗೆ ಚಿಕ್ಕಹನುಮಂತಪ್ಪ ಗಂಟಲು ಸರಿಮಾಡಿಕೊಂಡರು. "ಒಂದ್ ಮಾತು ಹೇಳ್ತೀನಿ, ಬೈಯಬ್ಯಾಡವ್ವ."

"ಹೇಳ್ರಿ."

"ನೀನು ಕೇಬಲ್ ಬಿಚ್ಚಾಕೆ ಕುಂತ್ಯಲ್ಲ, ಆವಾಗ ನಾನು ಚನ್ನಗಿರಿಗೆ ಫೋನ್ ಮಾಡ್ಬಿಟ್ಟೆ. ಬಸ್ ಹತ್ಯಾರಂತೆ. ನಾಕು ಗಂಟೆಗೆ ಬರ್ತಾರಂತೆ."

"ಅಪ್ಪಾ!" ಎಂದು ಪರಮೇಶ ಕೂಗಿದ. "ಸಂಜೆ ಗಂಟ ಅಂದಿದ್ನಲ್ಲ!"

"ನಾಕು ಗಂಟೆ ಅಂದ್ರೆ ಸಂಜೆ ಅಲ್ವೇನಲೇ?"

ಸಂಧ್ಯಾರಾಣಿ ಸ್ಕ್ರೂಡ್ರೈವರನ್ನು ಕೆಳಗಿಟ್ಟು ಮುಖ ಒರೆಸಿಕೊಂಡಳು. ಗುರುಬಸವರಾಜರು ಬಾಗಿಲಲ್ಲಿ ನಿಂತು, ಕೈ ಹಿಂದೆ ಕಟ್ಟಿಕೊಂಡು, ಹಾಗಲಕಾಯಿ ಬರೆಯುವ ಮಷೀನನ್ನು ನೋಡುವುದು ಅವಳ ಕಣ್ಣಿಗೆ ಕಟ್ಟಿತು. ಮೂರೂವರೆ ಗಂಟೆ ಉಳಿದಿತ್ತು.

ಅಷ್ಟು ಹೊತ್ತಿಗೆ ಪರಮೇಶನ ತಾಯಿ ಉಚ್ಚಂಗಮ್ಮ ಒಳಗಿನಿಂದ ಬಂದರು. ಬೆಳಿಗ್ಗೆಯಿಂದ ಎಲ್ಲವನ್ನೂ ಕಿಟಕಿಯಲ್ಲೇ ಕೇಳಿಸಿಕೊಂಡು ಅವರು ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಕೈಯಲ್ಲಿ ಬಕೆಟ್ಟು. ಬಕೆಟ್ಟಿನ ತುಂಬ ಅರಿಶಿನ, ಸುಣ್ಣ ಕದಡಿದ ಕೆಂಪು ನೀರು.

"ಕೂಸಿನ ಮೇಲೆ ಯಾರ ಕಣ್ಣೋ ಬಿದ್ದೈತೆ" ಎಂದರು. ಕೂಸೆಂದರೆ ಮಷೀನು.

"ಅಮ್ಮಾ, ದೃಷ್ಟಿ ತೆಗ್ಯಾಕೆ ಒಂದು ತಟ್ಟೆ ನೀರು ಸಾಲ್ದಾ?" ಎಂದ ಪರಮೇಶ.

"ಮನುಷ್ಯರಿಗಾದ್ರೆ ತಟ್ಟೆ ಸಾಕು. ಇದು ಎಷ್ಟು ಟನ್ನು ಅಂದಿದ್ದೆ?"

"ಒಂದೂವರೆ."

"ಅದಕ್ಕೇ ಬಕೆಟ್ಟು."

ಸಂಧ್ಯಾರಾಣಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಆದರೆ ಅರವತ್ತೈದರ ಹೆಂಗಸೊಬ್ಬಳು ತುಂಬಿದ ಬಕೆಟ್ಟು ಎತ್ತಿಕೊಂಡು ಮಷೀನಿನ ಸುತ್ತ ಮೂರು ಸುತ್ತು ಬರಲು ಹೊರಟಾಗ ಡಿಪ್ಲೊಮಾ ಏನು ಮಾಡೀತು? ಅವಳೂ ಎದ್ದು ಬಕೆಟ್ಟಿನ ಇನ್ನೊಂದು ಕಡೆ ಹಿಡಿದಳು. ಕೇಬಲ್ಲುಗಳನ್ನು ದಾಟುತ್ತಾ, ಉಚ್ಚಂಗಮ್ಮ ಊರಿನ ಕೆಟ್ಟ ಕಣ್ಣುಗಳ ಪಟ್ಟಿ ಹೇಳುತ್ತಾ, ಇಬ್ಬರೂ ಸುತ್ತು ಮುಗಿಸಿದರು. ಆ ನೀರನ್ನು ಯಾರೂ ತುಳಿಯದ ಕಡೆ ಚೆಲ್ಲಬೇಕು. ಎದುರಿನ ರಸ್ತೆಯಲ್ಲಿ ಬಸ್ಸು, ಲಾರಿ, ಕುರಿ ಮಂದೆ. ವರ್ಕ್‌ಶಾಪಿನ ಪಕ್ಕದ ಗೋಡೆಯ ಬುಡದಲ್ಲಿ ಕಬ್ಬಿಣದ ಮುಚ್ಚಳವಿದ್ದ ಒಂದು ಮೂಲೆ ಮಾತ್ರ ಯಾರೂ ಕಾಲಿಡದ ಜಾಗ. ಉಚ್ಚಂಗಮ್ಮ ಅಲ್ಲಿಗೆ ಹೋಗಿ ಬಕೆಟ್ಟು ಬೋರಲು ಹಾಕಿದರು.

"ಈಗ ಓಡಿಸು."

ಸಂಧ್ಯಾರಾಣಿ ಅವರ ಮನಸ್ಸು ನೋಯಿಸಬಾರದೆಂದು ಗುಂಡಿ ಒತ್ತಿದಳು. ಪೆನ್ನು ರಟ್ಟಿನ ಮೇಲೆ ಇಳಿಯಿತು. ಸರ್ರನೆ ಒಂದು ಸುತ್ತು ಬಂದು ಹೊರಟ ಚುಕ್ಕಿಯನ್ನೇ ಮುಟ್ಟಿ ನಿಂತಿತು.

ನಾಲ್ವರೂ ಬಗ್ಗಿ ನೋಡಿದರು.

"ಹೋಳಿಗೆ!" ಎಂದು ಚಿಕ್ಕಹನುಮಂತಪ್ಪ ಘೋಷಿಸಿದರು. ಅಷ್ಟು ಗುಂಡಗಿತ್ತು.

ಉಚ್ಚಂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡು, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತೇ ಎಂಬ ಹಾಗೆ ಎಲ್ಲರನ್ನೂ ನೋಡಿದರು. ಸಂಧ್ಯಾರಾಣಿ ಕುರ್ಚಿಯಲ್ಲಿ ಕುಸಿದು ಕುಳಿತಳು. ಮೂರು ವರ್ಷದ ಡಿಪ್ಲೊಮಾ, ಒಂಬತ್ತು ವರ್ಷದ ಚಾಕರಿ, ಎಲ್ಲವೂ ಒಂದು ಬಕೆಟ್ ಅರಿಶಿನದ ನೀರಿನಲ್ಲಿ ತೇಲಿಹೋದಂತೆ ಅವಳಿಗೆ ಅನ್ನಿಸಿತು. ಗುರುಬಸವರಾಜರು ಏನಾಗಿತ್ತೆಂದು ಕೇಳಿದರೆ ಇನ್ನು ಇದನ್ನೇ ಹೇಳಬೇಕಲ್ಲ!

ಹನ್ನೊಂದು ನಿಮಿಷಕ್ಕೆ ಮಷೀನು ಮತ್ತೆ ಕುಪ್ಪಳಿಸಿತು.

"ಅರ್ಧ ಇಳಿದೈತೆ. ಇನ್ನರ್ಧ ಐತೆ" ಎಂದರು ಉಚ್ಚಂಗಮ್ಮ.

ಸಂಧ್ಯಾರಾಣಿ ಥಟ್ಟನೆ ಎದ್ದು ನಿಂತಳು. "ಅಮ್ಮ, ಇನ್ನೊಂದು ಸಲ ತೆಗೀರಿ. ಎಲ್ಲಾ ಹಂಗೇ ಮಾಡ್ರಿ. ಆದ್ರೆ ನೀರು ಮಾತ್ರ ಈ ಸಲ ಆ ಜಾಲಿ ಗಿಡದ ಕಡೆ ಚೆಲ್ಲಣ."

"ಯಾಕೆ?"

"ಸುಮ್ನೆ. ಆ ಮೂಲೆ ದೃಷ್ಟಿಯಿಂದ ತುಂಬಿರಬೌದು."

ಇದು ಉಚ್ಚಂಗಮ್ಮನಿಗೆ ಸರಿಯೆನಿಸಿತು. ಮತ್ತೆ ಅರಿಶಿನ, ಮತ್ತೆ ಸುಣ್ಣ, ಮತ್ತೆ ಮೂರು ಸುತ್ತು, ಕೆಟ್ಟ ಕಣ್ಣುಗಳ ಪಟ್ಟಿಗೆ ಇನ್ನೂ ಇಬ್ಬರು ಸೇರ್ಪಡೆ. ನೀರು ಜಾಲಿಯ ಬುಡ ಸೇರಿತು. ಮಷೀನು ಹಾಗಲಕಾಯಿಯನ್ನೇ ಬರೆಯಿತು.

"ಪರಮೇಶಣ್ಣ, ಈಗ ನೀವು ಬರೀ ನೀರು ತಗಂಡು ಆ ಮುಚ್ಚಳದ ಹತ್ರ ಹಾಕ್ರಿ. ಅರಿಶಿನ ಬ್ಯಾಡ. ಸುತ್ತೋದೂ ಬ್ಯಾಡ."

ಪರಮೇಶ ಹಾಕಿದ. ಮಷೀನು ಹೋಳಿಗೆ ಬರೆಯಿತು.

"ನನ್ ಕೈಗುಣ ಆ ಜಾಗದಾಗೆ ಉಳ್ಕಂಡೈತೆ" ಎಂದರು ಉಚ್ಚಂಗಮ್ಮ ಗಂಭೀರವಾಗಿ.

ಸಂಧ್ಯಾರಾಣಿ ಆಗಲೇ ಹೊರಗೆ ಓಡಿದ್ದಳು. ಮುಚ್ಚಳ ಎತ್ತಿದಳು. ಒಳಗೆ ಒಂದು ಕೊಳವೆ, ಅದಕ್ಕೆ ಬಿಗಿದ ಹಸಿರು ತಂತಿ. ಮಷೀನಿನ ಅರ್ತಿಂಗ್ ಗುಂಡಿ. ನೀರು ಬಿದ್ದಲ್ಲಿ ಮಣ್ಣು ಆಗಲೇ ಒಣಗಿ ಬೆಳ್ಳಗಾಗುತ್ತಿತ್ತು. ಅವಳು ಒಳಗೆ ಬಂದು ಮಲ್ಟಿಮೀಟರಿನ ಒಂದು ಕಡ್ಡಿಯನ್ನು ನ್ಯೂಟ್ರಲ್ಲಿಗೂ ಇನ್ನೊಂದನ್ನು ಅರ್ತಿಗೂ ಹಿಡಿದು ಕುಳಿತಳು. ಮಣ್ಣು ಒದ್ದೆಯಿರುವಾಗ ಮೂರು ವೋಲ್ಟು. ಒಣಗುತ್ತಾ ಬಂದಂತೆ ಒಂಬತ್ತು, ಹದಿನೇಳು, ಮೂವತ್ತೊಂದು. ಮೂವತ್ತೊಂದಕ್ಕೆ ಮಷೀನು ಕುಪ್ಪಳಿಸಿತು.

"ಸಿಕ್ತು" ಎಂದಳು. "ಎನ್‌ಕೋಡರು ಕೊಡೋ ವರದಿ ತುಂಬಾ ಮೆಲ್ಲನೆ ದನಿಯದು ಅಜ್ಜಾರೆ. ಡ್ರೈವಿನ ಗದ್ದಲ ಎಲ್ಲಾ ಮಣ್ಣಿಗೆ ಇಳಿದು ಹೋಗ್ಬೇಕು. ಮಣ್ಣು ಒಣಗಿದ್ರೆ ದಾರಿ ಇಲ್ಲ. ಗದ್ದಲ ವಾಪಸ್ ಬಂದು ವರದಿ ಒಳಗೇ ನುಗ್ಗುತ್ತೆ. ಮಷೀನಿಗೆ ತಾನೆಲ್ಲಿದೀನಿ ಅಂತಾನೇ ಗೊತ್ತಾಗಲ್ಲ. ನಾನು ಸುಮ್ನೆ ಹಗ್ಗ ಜಗ್ಗಿದೆ. ಎತ್ತಿಂದು ತಪ್ಪೇ ಇರಲಿಲ್ಲ."

"ಪಾಪ" ಎಂದು ಚಿಕ್ಕಹನುಮಂತಪ್ಪ ಮಷೀನಿನ ಬೆನ್ನು ಸವರಿದರು.

"ಆದ್ರೆ ನಾನು ಕೂರಿಸಿದ ದಿನ ಅಳತೆ ನೋಡಿದ್ದೆ. ಎರಡೇ ವೋಲ್ಟಿತ್ತು. ಹನ್ನೆರಡು ದಿನ ಸರಿನೂ ಇತ್ತು. ಈ ಬಿಸಿಲಾಗೆ ಅಲ್ಲಿಗೆ ನೀರು ಎಲ್ಲಿಂದ ಬರ್ತಿತ್ತು?"

ಪರಮೇಶನ ಮುಖ ಹುಣಸೆಹಣ್ಣು ಕಚ್ಚಿದವನ ಮುಖವಾಯಿತು.

ಪಕ್ಕದಲ್ಲೇ ದ್ಯಾಮಮ್ಮನ ಖಾನಾವಳಿ. ವರ್ಷಗಳಿಂದ ಆಕೆ ಪಾತ್ರೆ ತೊಳೆದ ಮುಸುರೆ ನೀರನ್ನು ದಿನಕ್ಕೆರಡು ಹೊತ್ತು ಆ ಗೋಡೆಯ ಬುಡಕ್ಕೇ ಚೆಲ್ಲುತ್ತಿದ್ದಳು. ಹೊಸ ಮಷೀನು ಬಂದ ಮೇಲೆ ಪರಮೇಶನಿಗೆ ವರ್ಕ್‌ಶಾಪು ದಾವಣಗೆರೆಯ ಶೋರೂಮಿನ ಹಾಗೆ ಕಾಣಬೇಕೆಂಬ ಆಸೆ ಹುಟ್ಟಿತು. ಗೋಡೆಗೆ ಸುಣ್ಣ ಹೊಡೆಸಿದ. ಹನ್ನೆರಡನೇ ದಿನ, "ಇಲ್ಲಿ ನೀರು ಚೆಲ್ಲಬಾರದು" ಎಂದು ನೀಲಿ ಬಣ್ಣದಲ್ಲಿ ಬರೆಸಿದ. ಅವತ್ತಿನಿಂದ ದ್ಯಾಮಮ್ಮ ಮುಸುರೆಯ ಬಾನಿಯನ್ನು ನಲವತ್ತು ಹೆಜ್ಜೆ ದೂರದ ಚರಂಡಿಗೆ ಹೊರುತ್ತಿದ್ದಳು. ಪರಮೇಶನ ಜೊತೆ ಮಾತು ಬಿಟ್ಟಿದ್ದಳು.

ಮೂರು ಗಂಟೆಗೆ ಪರಮೇಶನೂ ಸಂಧ್ಯಾರಾಣಿಯೂ ಖಾನಾವಳಿಯ ಹಿಂಬಾಗಿಲಿಗೆ ಹೋಗಿ ನಿಂತರು.

"ದ್ಯಾಮಕ್ಕ" ಎಂದ ಪರಮೇಶ. "ನೀರು ಚೆಲ್ಲಬೇಕಾಗಿತ್ತು."

"ಯಾವ ನೀರಪ್ಪ?"

"ಮುಸುರೆ ನೀರು. ನಮ್ ಗೋಡೆ ಹತ್ರ."

ದ್ಯಾಮಮ್ಮ ತಲೆಯೆತ್ತಲಿಲ್ಲ. "ನನಗೆ ಓದಾಕೆ ಬರ್ತೈತೆ ಕಣಪ್ಪ. ಏಳ್ನೇ ಕ್ಲಾಸು. ಗೋಡೆ ಮ್ಯಾಲೆ ನಿನ್ ತಲೆಯಷ್ಟು ದಪ್ಪ ಬರ್ದೈತೆ. ಓದಿ ಹೇಳ್ಲಾ?"

"ತಪ್ಪಾಯ್ತಕ್ಕ."

"ತಪ್ಪು ನಿಂದಲ್ಲ. ನನ್ ನೀರಿಂದು. ನಿನ್ ಶೋರೂಮಿಗೆ ವಾಸನೆ ಬರ್ತಿತ್ತಂತೆ. ಈಗೇನು, ದಾವಣಗೆರೆಯಾಗೂ ಮುಸುರೆ ಫ್ಯಾಷನ್ ಆಗೈತೇನು?"

"ದ್ಯಾಮಕ್ಕ, ನಿಮ್ ನೀರಿಲ್ದೆ ಮಷೀನು ನಡೀತಿಲ್ಲ" ಎಂದಳು ಸಂಧ್ಯಾರಾಣಿ. "ಸತ್ಯವಾಗ್ಲೂ. ನಾಕು ಗಂಟೆಗೆ ನನ್ ಗುರುಗಳು ಬರ್ತಾರೆ. ಅಷ್ಟರೊಳಗೆ ಅದು ನಡೀಬೇಕು."

ದ್ಯಾಮಮ್ಮ ಅವಳ ಮುಖ ನೋಡಿದಳು. "ಅಲ್ಲಾ, ಇಷ್ಟು ಲಕ್ಷದ ಮಷೀನು ನನ್ನ ಎಂಜಲು ತಟ್ಟೆ ನಂಬ್ಕಂಡೈತಾ? ಇವನಿಗೆ ಬುದ್ಧಿ ಬ್ಯಾಡ್ವಾ? ಗೋಡೆ ಮ್ಯಾಲೆ ಬರೆಸೋನು ಒಂದ್ ಮಾತು ಬಾಯಾಗೆ ಹೇಳ್ಬಾರ್ದಾ? ಅದನ್ನ ಅಳಿಸ್ಬೇಕು ನೋಡು, ಪೇಂಟರ್ ಕೈಲಲ್ಲ, ನಿನ್ ಕೈಲೇ..." ಬಾಯಿ ಬೈಯುತ್ತಲೇ ಇತ್ತು. ಕೈಗಳು ಆಗಲೇ ಬಾನಿ ಎತ್ತಿದ್ದವು. ಅನ್ನದ ಅಗುಳು ಗುಂಡಿಗೆ ಬೀಳದಿರಲೆಂದು ಆಕೆ ಹೋಗುತ್ತಾ ಹೋಗುತ್ತಾ ಒಂದು ಹಳೆಯ ಬಟ್ಟೆಯನ್ನೂ ಹೆಗಲಿಗೆ ಹಾಕಿಕೊಂಡಳು, ಸೋಸುವುದಕ್ಕೆ.

ಮೂರು ಬಾನಿ ನೀರು ಬಿದ್ದ ಮೇಲೆ ಮೀಟರು ಎರಡಕ್ಕೆ ಇಳಿದು ಅಲ್ಲೇ ನಿಂತಿತು. ಸಂಧ್ಯಾರಾಣಿ ಗೇನನ್ನು ಮೊದಲಿನಿಂದ ಹೊಂದಿಸಿದಳು. ಗುಂಯ್‌ಗುಡುವ ತನಕ ಮೆಲ್ಲಗೆ ಏರಿಸಿ, ಅಲ್ಲಿಂದ ಒಂದಿಷ್ಟು ಇಳಿಸಿ, ಕಿವಿಗೊಟ್ಟು ಕೇಳಿದಳು. ಚಿಕ್ಕಹನುಮಂತಪ್ಪನೂ ಕಿವಿಗೊಟ್ಟು, "ಇಷ್ಟಿರ್ಲಿ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಮೊದಲ ತಟ್ಟೆ ಹೊರಬಂತು, ಎರಡನೆಯದು ಬಂತು. ಹೊರಗೆ ಪರಮೇಶ ಸೈಕಲ್ಲಿನ ಹಳೆಯ ಬ್ರಷ್ಷು ಹಿಡಿದು ನೀಲಿ ಅಕ್ಷರ ಉಜ್ಜುತ್ತಿದ್ದ.

ಗುರುಬಸವರಾಜರು ನಾಲ್ಕು ಇಪ್ಪತ್ತಕ್ಕೆ ಬಂದರು. ಚನ್ನಗಿರಿಯಿಂದ ದಾವಣಗೆರೆ, ಅಲ್ಲಿಂದ ಇಲ್ಲಿಗೆ ನಿಂತೇ ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಹೆಗಲ ಚೀಲದಲ್ಲಿ ಸಾಮಾನು ಖಣಖಣ ಎನ್ನುತ್ತಿತ್ತು. ಅವರನ್ನು ಕಂಡದ್ದೇ ಚಿಕ್ಕಹನುಮಂತಪ್ಪ ಮಷೀನಿನ ಹಿಂದೆ ಸರಿದರು.

"ದೃಷ್ಟಿ ಆಗಿತ್ತು. ತೆಗೆದ್ವಿ" ಎಂದು ಉಚ್ಚಂಗಮ್ಮ ಮುಂದೆ ಬಂದು ವರದಿ ಒಪ್ಪಿಸಿದರು.

ಗುರುಬಸವರಾಜರು ತಲೆಯಾಡಿಸಿ, ಒಂದು ತಟ್ಟೆ ತೆಗೆದುಕೊಂಡು ಕ್ಯಾಲಿಪರಿನಿಂದ ಇಪ್ಪತ್ನಾಲ್ಕು ತೂತುಗಳನ್ನೂ ಒಂದೊಂದಾಗಿ ಅಳೆದರು. ಸಂಧ್ಯಾರಾಣಿ ಬೇಕಾಗಿದ್ದರೆ ಸುಮ್ಮನಿರಬಹುದಿತ್ತು. ಮಷೀನು ನಡೆಯುತ್ತಿತ್ತು, ತೂತುಗಳು ಗುಂಡಗಿದ್ದವು, ದೃಷ್ಟಿಯ ಮೇಲೆ ಹಾಕಿದರೆ ಕೇಳುವವರಿರಲಿಲ್ಲ.

"ತಪ್ಪು ನಂದು ಸರ್" ಎಂದಳು. "ಅರ್ತಿಂಗ್ ಒದ್ದೆ ಇದ್ದಾಗ ಅಳೆದು, ಸರಿ ಐತೆ ಅಂತ ಬರ್ಕಂಡೆ. ಗುಂಡಿ ತೆಗೆದು ನೋಡಲಿಲ್ಲ. ಇವತ್ತೂ ಮಧ್ಯಾಹ್ನದ ತನಕ ಗೇನಿನಾಗೇ ಒದ್ದಾಡಿದೆ. ಅಮ್ಮ ನೀರು ಚೆಲ್ಲದಿದ್ರೆ ಗೊತ್ತೇ ಆಗ್ತಿರಲಿಲ್ಲ." ಮೂರು ಬಕೆಟ್ಟಿನ ಕತೆಯನ್ನು ಮೊದಲಿನಿಂದ ಹೇಳಿದಳು. ಜಾಲಿ ಗಿಡದ ಭಾಗಕ್ಕೆ ಬಂದಾಗ ಗುರುಬಸವರಾಜರ ಹೊಟ್ಟೆ ಕುಲುಕತೊಡಗಿತು. ಮುಖ ಮಾತ್ರ ಬಿಗಿಯಾಗಿಯೇ ಇತ್ತು.

"ಬರೀ ನೀರು ಹಾಕಿಸಿ ನೋಡಿದ್ಯಲ್ಲ, ಅದು ನನಗೆ ಹೊಳೀತಿರಲಿಲ್ಲ" ಎಂದರು ಕೊನೆಗೆ. "ನಾನಾಗಿದ್ರೆ ಮೊದಲ್ನೇ ಬಕೆಟ್ಟಿಗೇ ಕಾಯಿ ಒಡೆದು ಬಸ್ ಹತ್ತಿರ್ತಿದ್ದೆ." ಆಮೇಲೆ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ಗೇನ್ ಎಷ್ಟಕ್ಕೆ ನಿಲ್ಲಿಸಿದೆ? ಈ ಮಣ್ಣಿಗೆ ಹೊಸ ಗುಂಡಿ ಎಷ್ಟು ಆಳ ತೆಗೀಬೇಕು ಅಂತೀಯಾ?"

ಅವಳು ಹೇಳಿದಳು. ಅವರು ಬರೆದುಕೊಂಡರು. ಒಂದು ಅಂಕಿ ಸರಿಯಾಗಿ ಕೇಳಿಸದಿದ್ದಾಗ ಇನ್ನೊಮ್ಮೆ ಕೇಳಿ ಬರೆದುಕೊಂಡರು.

ಮಷೀನು ಮೂರನೇ ತಟ್ಟೆಗೆ ತೊಡಗಿತು. ಗುರುಬಸವರಾಜರು ಪರದೆಯ ಪಕ್ಕದಲ್ಲಿ ಹಾಗೇ ಉಳಿದಿದ್ದ ಬೆಳಗಿನ ಬಿಸ್ಕತ್ತುಗಳನ್ನೂ ಅವಳ ಒಣಗಿದ ತುಟಿಯನ್ನೂ ಒಮ್ಮೆ ನೋಡಿದರು. ಚೀಲದೊಳಗೆ ಕೈ ಹಾಕಿ, ಸ್ಪ್ಯಾನರುಗಳನ್ನು ಸರಿಸಿ, ಟವೆಲಿನಲ್ಲಿ ಕಟ್ಟಿದ ಒಂದು ಡಬ್ಬಿ ತೆಗೆದರು. ಅವರ ಹೆಂಡತಿ ಶಿವಲೀಲಾ ಬೆಳಿಗ್ಗೆ ತಟ್ಟಿದ ರೊಟ್ಟಿ, ಎಣ್ಣೆಗಾಯಿ, ಬಾಳೆಲೆಯಲ್ಲಿ ಸುತ್ತಿದ ಶೇಂಗಾ ಚಟ್ನಿ. ದಾರಿಯಲ್ಲಿ ಅವರು ಅದನ್ನು ಬಿಚ್ಚಿರಲಿಲ್ಲ. ಗಂಟು ಸಡಿಲಿಸಿ, ಅವಳ ಕೈಗೆ ಕೊಟ್ಟು, ತಟ್ಟೆ ಕತ್ತರಿಸುವುದನ್ನು ನೋಡಿಕೊಳ್ಳಲು ಅವಳ ಜಾಗದಲ್ಲಿ ತಾವು ಹೋಗಿ ನಿಂತರು.